ಹಳೆ ಗಾಳಿ ಬೋಟಿಗೆ ತೇಪೆ: ಗಮ್ ಹಚ್ಚುವ ಮುಂಚಿನ ಕೆಲಸವೇ ಜಾಸ್ತಿ

ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂತು, ಕೃಷ್ಣಾ ಹೊಳೆಯ ಕಲ್ಲೋಳ-ಯಡೂರು ಸೇತುವೆ ಮುಳುಗಿತು ಅಂದ ದಿನವೇ ಗೋದಾಮಿನಲ್ಲಿ ಮಡಚಿಟ್ಟ ಗಾಳಿ ಬೋಟು ಎಲ್ಲರಿಗೂ ನೆನಪಾಗುತ್ತದೆ. ಹೊರಗೆ ತೆಗೆದು ಪಂಪು ಹೊಡೆದರೆ ಒಂದು ಕಡೆ ಗಾಳಿ ಸುಂಯ್ ಅನ್ನುತ್ತಿರುತ್ತದೆ, ಇನ್ನೊಂದು ಕಡೆ ಹಿಡಿಕೆ ಕಿತ್ತು ಜೋತಾಡುತ್ತಿರುತ್ತದೆ. ಯಾರೋ ಸೈಕಲ್ ಅಂಗಡಿಗೆ ಓಡಿ ಪಂಕ್ಚರ್ ಸಲ್ಯೂಷನ್ ತರುತ್ತಾರೆ. ಮಳೆ ಜಿಟಿಜಿಟಿ ಹನಿಯುತ್ತಿರುವಾಗಲೇ ತೇಪೆ ಹಚ್ಚಿ, ಮೇಲೊಂದು ಕಲ್ಲು ಹೇರುತ್ತಾರೆ. ಎರಡು ದಿನಕ್ಕೆ ತೇಪೆಯ ಮೂಲೆ ಏಳುತ್ತದೆ. ಆಮೇಲೆ ಗಮ್ಮಿಗೆ ಬೈಗುಳ.

ತಪ್ಪು ಗಮ್ಮಿನದ್ದು ಅಪರೂಪ. ತೇವದ ಹವೆ, ಕೊಳೆ ಹೋಗದ ಜಾಗ, ಕಾಯದ ಕೈ, ಈ ಮೂರೇ ಕೆಡಿಸುವುದು. ಹಾಗಾಗಿ ನನ್ನ ಮೊದಲ ಮಾತು: ಬೋಟು ರಿಪೇರಿ ಮಳೆಗಾಲದ ಕೆಲಸವೇ ಅಲ್ಲ. ದೀಪಾವಳಿ ಮುಗಿದ ಮೇಲೆ ಫೆಬ್ರುವರಿವರೆಗೆ ನಮ್ಮ ಕಡೆ ಹವೆ ಒಣಗಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು-ಹನ್ನೊಂದಕ್ಕೆ ಶುರು ಮಾಡಿ, ಸಂಜೆ ತಂಪು ಇಳಿಯುವ ಮುಂಚೆ ಮುಗಿಸಿ. ವಿಜಯಪುರದ ಏಪ್ರಿಲ್-ಮೇ ಬಿಸಿಲು ಇನ್ನೊಂದು ತುದಿ. 40 ಡಿಗ್ರಿಯಲ್ಲಿ ಬ್ರಷ್ಷಿನಿಂದ ಬೋಟಿಗೆ ಬರುವಷ್ಟರಲ್ಲೇ ಗಮ್ಮಿನ ಮೇಲೆ ಕೆನೆ ಕಟ್ಟುತ್ತದೆ. ಆಗಲೂ ಬೇಡ.

ಬೋಟಿನ ಬಟ್ಟೆ ಯಾವುದು?

ಗಾಳಿ ಬೋಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಿವಿಸಿ, ಅಂದರೆ ನೂಲಿನ ಬಟ್ಟೆಗೆ ಎರಡೂ ಕಡೆ ಪ್ಲಾಸ್ಟಿಕ್ ಲೇಪನ. ಲಾರಿಗೆ ಹೊದಿಸುವ ದಪ್ಪ ತಾಡಪತ್ರಿ ಮುಟ್ಟಿದ್ದೀರಲ್ಲ, ಹೆಚ್ಚೂ ಕಡಿಮೆ ಅದೇ ಕುಲ. ಇನ್ನೊಂದು ಹೈಪಲಾನ್, ಅದು ರಬ್ಬರಿನ ಜಾತಿ. ಆ ಹೆಸರಿನ ರಬ್ಬರನ್ನು ಡ್ಯುಪಾಂಟ್ ಕಂಪನಿ 2010ರಲ್ಲೇ ನಿಲ್ಲಿಸಿತು. ಈಗ ಅದೇ ರಬ್ಬರನ್ನು ಬೇರೆಯವರು ಮಾಡುತ್ತಾರೆ, ಆದರೆ ಜನರ ಬಾಯಲ್ಲಿ ಹೈಪಲಾನ್ ಅಂತಲೇ ಉಳಿದಿದೆ.

ಇದನ್ನು ತಿಳಿಯದೆ ಗಮ್ ಕೊಳ್ಳಬೇಡಿ. ಪಿವಿಸಿಗೆ ಪಾಲಿಯುರೆಥೇನ್ ಗಮ್ಮು ಬೇಕು, ಅಂಗಡಿಯವರು ಪಿಯು ಅನ್ನುತ್ತಾರೆ. ಹೈಪಲಾನ್‌ಗೆ ನಿಯೊಪ್ರೀನ್ ಗಮ್ಮು. ಎರಡಕ್ಕೂ ಜೊತೆಗೆ ಚಿಕ್ಕ ಬಾಟಲಿಯಲ್ಲಿ ಹಾರ್ಡನರ್ ಇರಲೇಬೇಕು. ಹಾರ್ಡನರ್ ಇಲ್ಲದ ಗಮ್ಮು ಬಿಸಿಲಿಗೆ ಮತ್ತೆ ಮೆತ್ತಗಾಗಿ ಜಾರುತ್ತದೆ.

ಪರೀಕ್ಷೆ ಸುಲಭ. ಕಾಣದ ಮೂಲೆಯಲ್ಲಿ ಹತ್ತಿಗೆ ಒಂದೆರಡು ಹನಿ ಅಸಿಟೋನ್ ಹಾಕಿ ಉಜ್ಜಿ, ಬೆರಳು ಒತ್ತಿ ನೋಡಿ. ಅಂಟಂಟು ಅನ್ನಿಸಿದರೆ ಪಿವಿಸಿ. ಏನೂ ಆಗದಿದ್ದರೆ ಹೈಪಲಾನ್. ಇನ್ನೂ ಅನುಮಾನ ಇದ್ದರೆ ಪಾಲಿಶ್ ಪೇಪರಿನಿಂದ ಸ್ವಲ್ಪ ತಿಕ್ಕಿ. ಹೈಪಲಾನ್ ಸೀಮೆಸುಣ್ಣದಂತೆ ಪುಡಿ ಬಿಟ್ಟು ಮಂಕಾಗುತ್ತದೆ, ಪಿವಿಸಿಯಲ್ಲಿ ಅಂಥ ಪುಡಿ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಒಳಗೆ ನೂಲೇ ಇಲ್ಲದ ತೆಳು ಪ್ಲಾಸ್ಟಿಕ್ ಬೋಟುಗಳೂ ಇವೆ. ಅವು ಮಕ್ಕಳ ಈಜುಕೊಳದ ಆಟಿಕೆ. ಹೊಳೆಗೂ ಬೇಡ, ರಿಪೇರಿಗೂ ಬೇಡ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೋಟನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೂ ಮೈಯೆಲ್ಲ ಅಂಟಂಟಾಗಿದ್ದರೆ ಪಿವಿಸಿಯ ಆಯಸ್ಸು ಮುಗಿದಿದೆ ಅಂತ ಅರ್ಥ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಹೊರಗೆ ಸೋರುತ್ತಿರುತ್ತದೆ. ಅದರ ಮೇಲೆ ಯಾವ ತೇಪೆಯೂ ನಿಲ್ಲುವುದಿಲ್ಲ. ಟ್ಯೂಬಿನ ಉದ್ದಕ್ಕೂ ಜೋಡಣೆಗಳು ತಾವಾಗಿಯೇ ಬಿಡುತ್ತಿದ್ದರೂ ಅಷ್ಟೇ. ಒಂದು ಕಡೆ ಅಂಟಿಸುವಷ್ಟರಲ್ಲಿ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಅಂಥ ಬೋಟಿಗೆ ದುಡ್ಡು ಸುರಿಯಬೇಡಿ. ಅಂಟಂಟಾಗದ ಒಳ್ಳೆಯ ಭಾಗಗಳಿದ್ದರೆ ಕತ್ತರಿಸಿ ಬೇರೆ ಬೋಟಿನ ತೇಪೆಗೆ ಇಟ್ಟುಕೊಳ್ಳಿ.

ತೂತು ಹುಡುಕುವುದು

ಮೊದಲು ವಾಲ್ವ್ ನೋಡಿ. ಹೊಳೆಯ ಸಣ್ಣ ಮಣ್ಣು ಒಳಗೆ ಕೂತು ಮುಚ್ಚಳ ಸರಿಯಾಗಿ ಕೂರದೆ ಗಾಳಿ ಹೋಗುವುದೇ ಜಾಸ್ತಿ. ತೊಳೆದು, ವಾಲ್ವಿನ ಪಾನದಿಂದ ಒಂದು ಸುತ್ತು ಬಿಗಿದರೆ ಮುಗಿಯಿತು. ಆಮೇಲೆ ಬೋಟಿಗೆ ಗಟ್ಟಿಯಾಗಿ ಗಾಳಿ ತುಂಬಿ, ಸೋಪಿನ ನೀರನ್ನು ಸ್ಪಂಜಿನಲ್ಲಿ ಹಚ್ಚುತ್ತಾ ಹೋಗಿ. ದೊಡ್ಡ ತೂತು ಗುಳ್ಳೆ ಊದುತ್ತದೆ. ಸೂಜಿ ಮೊನೆಯಂಥದ್ದು ಸುಮ್ನೆ ಬಿಳಿ ನೊರೆಯ ಚುಕ್ಕೆ ಕಟ್ಟುತ್ತದೆ, ಅದಕ್ಕೆ ಒಂದು ನಿಮಿಷವಾದರೂ ಕಾದು ನೋಡಬೇಕು. ಗುರುತು ಹಾಕಲು ಪೆನ್ಸಿಲ್ ಅಥವಾ ಟೇಲರ್ ಚಾಕ್ ಸಾಕು. ಬಾಲ್ ಪೆನ್ ಶಾಯಿ ಥಿನ್ನರಿಗೆ ಹರಡಿ ಎಲ್ಲ ನೀಲಿ ಮಾಡುತ್ತದೆ.

ಆಲಮಟ್ಟಿ ಹಿನ್ನೀರಿನ ಕಡೆ ಬೋಟು ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ದಡದ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಚುಚ್ಚಿ, ಮೊನೆ ಬಟ್ಟೆಯೊಳಗೇ ಮುರಿದು ಕೂತಿರುತ್ತದೆ. ಮೇಲೆ ತೇಪೆ ಹಾಕಿದರೆ ಬೋಟು ಮಡಚಿದಾಗ ಅದೇ ಮೊನೆ ತೇಪೆಯನ್ನೂ ಚುಚ್ಚುತ್ತದೆ. ತೂತಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ಸವರಿ. ಸಣ್ಣ ಗಂಟು ಕೈಗೆ ಸಿಕ್ಕರೆ ಚಿಮಟದಿಂದ ಎಳೆದು ತೆಗೆಯಿರಿ.

ಸಂಜೆ ಗಟ್ಟಿ ಇದ್ದ ಬೋಟು ಬೆಳಿಗ್ಗೆ ಮೆತ್ತಗಾಗಿದೆ ಎಂದ ತಕ್ಷಣ ತೂತು ಅಂದುಕೊಳ್ಳಬೇಡಿ. ಗಾಳಿ ತಣ್ಣಗಾದರೆ ಕುಗ್ಗುತ್ತದೆ. 35 ಡಿಗ್ರಿಯಲ್ಲಿ 0.25 ಬಾರ್ ಒತ್ತಡ ತುಂಬಿದ್ದರೆ 20 ಡಿಗ್ರಿಗೆ ಅದು ಸುಮಾರು 0.19ಕ್ಕೆ ಇಳಿಯುತ್ತದೆ, ಅಂದರೆ ಕಾಲು ಭಾಗ ಹೋದಂತೆ. ಅದೇ ಬಿಸಿಲಿಗೆ ಮತ್ತೆ ಏರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿಯಾಗಿ ಊದಿದ ಬೋಟನ್ನು ದಡದಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು ಅನ್ನುವುದೂ ಇದಕ್ಕೇ.

ಬೋಟಿನ ಒಂದು ಗಾಳಿ ಕೋಣೆಗೆ ಗಾಳಿ ಹೊಡೆದರೆ ಪಕ್ಕದ ಕೋಣೆಯೂ ಊದಿಕೊಳ್ಳುತ್ತಿದ್ದರೆ ಒಳಗಿನ ಗೋಡೆ ಹರಿದಿದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಸಾಮಾನು

ಪಿಯು ಗಮ್ಮಿಗೆ ಬೋಟಿನ ಅಂಗಡಿಯೇ ಬೇಕೆಂದಿಲ್ಲ. ಚಪ್ಪಲಿ, ಬೂಟಿನ ಅಟ್ಟೆ ಅಂಟಿಸುವವರೂ ಪಿಯು ಗಮ್ಮು ಬಳಸುತ್ತಾರೆ. ಚಪ್ಪಲಿ ಕೆಲಸಕ್ಕೆ ಹೆಸರಾದ ಅಥಣಿ, ನಿಪ್ಪಾಣಿ ಕಡೆ ಅದರ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಕೇಳುವಾಗ ‘ಪಿವಿಸಿಗೆ ಹತ್ತುವ ಪಿಯು, ಹಾರ್ಡನರ್ ಸಮೇತ’ ಅಂತ ಬಿಡಿಸಿ ಹೇಳಿ, ಡಬ್ಬಿಯ ಮೇಲಿನ ತಾರೀಖು ಓದಿ. ಚಿಕ್ಕ ಡಬ್ಬಿಯನ್ನೇ ತನ್ನಿ. ಎಂಜಿನ್ ಕೂರುವ ಹಲಗೆಯ ಕೆಲಸ ಇದ್ದರೆ ಮಾತ್ರ ಬೋಟಿಗೆಂದೇ ಮಾಡಿದ ಗಮ್ಮು ತರಿಸಿ, ಅಲ್ಲಿ ಉಳಿತಾಯ ಬೇಡ.

ಬೇಡದ ಸಾಮಾನಿನ ಪಟ್ಟಿ ಇನ್ನೂ ಉದ್ದ. ಸೈಕಲ್ ಸಲ್ಯೂಷನ್ ಪಿವಿಸಿಗೆ ಹತ್ತುವುದೇ ಇಲ್ಲ. ಒಂದು ಹನಿಗೆ ಅಂಟುವ ಕ್ವಿಕ್ ಗಮ್ಮು ಗಾಜಿನಂತೆ ಗಟ್ಟಿಯಾಗುತ್ತದೆ, ಬೋಟು ಮಡಚಿದ ಕೂಡಲೇ ಸೀಳುತ್ತದೆ. ಸನ್‌ಮೈಕಾ ಅಂಟಿಸುವ ಹಳದಿ ಗಮ್ಮು ಚಳಿಗಾಲ ದಾಟುತ್ತದೆ, ಬೇಸಿಗೆ ದಾಟುವುದಿಲ್ಲ. ಸಿಲಿಕಾನ್ ಎಲ್ಲಕ್ಕಿಂತ ಕೆಟ್ಟದ್ದು. ಅದು ತಾನೂ ನಿಲ್ಲುವುದಿಲ್ಲ, ಕಿತ್ತ ಮೇಲೂ ಬಟ್ಟೆಯ ಮೇಲೆ ಜಿಡ್ಡು ಉಳಿಸಿ ಮುಂದೆ ಬರುವ ಒಳ್ಳೆಯ ಗಮ್ಮನ್ನೂ ಹತ್ತಗೊಡುವುದಿಲ್ಲ. ವಾಲ್ವಿನಿಂದ ಒಳಗೆ ಸುರಿದು ಬೋಟು ಉರುಳಿಸುವ ದ್ರವ ಮಾರುತ್ತಾರಲ್ಲ, ಅದು ಹಳೆ ಬಟ್ಟೆಯ ಮೈಯಿಂದಲೇ ಸಣ್ಣಗೆ ಗಾಳಿ ಜಿನುಗುತ್ತಿದ್ದರೆ ಒಂದಿಷ್ಟು ಉಪಯೋಗ. ತೂತಿಗೆ ಔಷಧವಲ್ಲ.

ಉಳಿದದ್ದು: ಒರೆಸಲು ಪಿವಿಸಿಗೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರವ) ಅಥವಾ ಅಸಿಟೋನ್, ಹೈಪಲಾನ್‌ಗೆ ಟೊಲುಯಿನ್. ಬಿಳಿ ಹತ್ತಿ ಬಟ್ಟೆ, ಮಾಸ್ಕಿಂಗ್ ಟೇಪು, ಪಾಲಿಶ್ ಪೇಪರ್, ಸೂಜಿ ಇಲ್ಲದ ಸಿರಿಂಜು, ಗಟ್ಟಿ ಕೂದಲಿನ ಬ್ರಷ್ಷು, ಕಿರಿದಾದ ಗಟ್ಟಿ ರೋಲರ್. ಬ್ರಷ್ಷಿನ ಕೂದಲನ್ನು ಅರ್ಧಕ್ಕೆ ಕತ್ತರಿಸಿಬಿಡಿ. ಗಿಡ್ಡ ಬ್ರಷ್ಷು ಗಮ್ಮನ್ನು ಬಟ್ಟೆಯೊಳಗೆ ತಿಕ್ಕುತ್ತದೆ, ಉದ್ದನೆಯದು ಮೇಲೆ ಬಳಿಯುತ್ತದೆ ಅಷ್ಟೇ. ಗಮ್ ಕಲಸಲು ಹಳೆ ಸ್ಟೀಲ್ ಲೋಟ ಇರಲಿ. ಥರ್ಮೊಕೋಲ್ ಕಪ್ಪು ಕೈಯಲ್ಲೇ ಕರಗಿಹೋಗುತ್ತದೆ.

ಈ ದ್ರವಗಳೆಲ್ಲ ಬೆಂಕಿಗೆ ಹತ್ತಿರದ ನೆಂಟರು. ಅವುಗಳ ಆವಿ ನೆಲದ ಮೇಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಬೀಡಿ ಸೇದುವವರನ್ನು ಅಂಗಳದಿಂದಾಚೆ ಕಳಿಸಿ. ಕೈಗೆ ಗ್ಲೌಸು ಹಾಕಿಕೊಂಡು, ಗಾಳಿಯಾಡುವ ನೆರಳಿನಲ್ಲಿ ಕೆಲಸ ಮಾಡಿ. ಹಾರ್ಡನರಿನ ಆವಿ ಉಬ್ಬಸದವರಿಗೆ ಬಹಳ ಕೆಟ್ಟದ್ದು, ಅಂಥವರು ಈ ಕೆಲಸಕ್ಕೆ ಕೂರಲೇಬೇಡಿ.

ಜಾಗ ಸಿದ್ಧ ಮಾಡುವುದು

ಮುಕ್ಕಾಲು ಪಾಲು ಜನ ಸೋಲುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಗಾಳಿ ಪೂರ್ತಿ ತೆಗೆದು ಬೋಟನ್ನು ಪ್ಲೈವುಡ್ ಹಲಗೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ. ಹಳೆ ತೇಪೆ ಇದ್ದರೆ ಅದರ ಮೇಲೆಯೇ ಹೊಸದು ಹಾಕುವುದು ಬೇಡ. ಹೊಸ ತೇಪೆಯ ಬಲ ಅಡಿಯ ಹಳೆ ತೇಪೆಯಷ್ಟೇ, ಅದು ಕಿತ್ತರೆ ಎರಡೂ ಒಟ್ಟಿಗೆ ಬರುತ್ತವೆ. ಹೀಟ್ ಗನ್ ಇದ್ದರೆ ಕಡಿಮೆ ಬಿಸಿಯಲ್ಲಿಟ್ಟು, ಇಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಮೂಲೆಯನ್ನು ಬೆಚ್ಚಗೆ ಮಾಡಿ. ಕೈಗೆ ತಡೆಯದಷ್ಟು ಬಿಸಿ ಆದರೆ ಸಾಕು, ಬಟ್ಟೆ ಹೊಳೆಯಲು ಶುರುವಾದರೆ ಜಾಸ್ತಿ ಆಯಿತು ಅಂತ. ಮೊಂಡಾದ ಚಾಕುವಿನಿಂದ ಮೂಲೆ ಎಬ್ಬಿಸಿ, ಇಕ್ಕಳದಲ್ಲಿ ಹಿಡಿದು, ತೇಪೆಯನ್ನು ಹಿಂದಕ್ಕೆ ಮಡಚಿದಂತೆ ನಿಧಾನ ಎಳೆಯಿರಿ. ಬಿಸಿ, ಎಳೆತ, ಬಿಸಿ, ಎಳೆತ. ಅವಸರಕ್ಕೆ ಜಗ್ಗಿದರೆ ತೇಪೆಯ ಜೊತೆ ಬೋಟಿನ ಲೇಪನವೂ ಕಿತ್ತು ಬಿಳಿ ನೂಲು ಕಾಣುತ್ತದೆ. ನೂಲು ಕಂಡ ಜಾಗದಲ್ಲಿ ಗಾಳಿ ನೂಲಿನ ಉದ್ದಕ್ಕೂ ಹರಿದು ಎಲ್ಲೋ ಹೊರಬರುತ್ತದೆ, ಅಲ್ಲಿಗೆ ಇನ್ನೂ ದೊಡ್ಡ ತೇಪೆ ಬೇಕಾಗುತ್ತದೆ.

ಹಳೆ ಗಮ್ಮು ಕಂದು ಬಣ್ಣದ ಪದರವಾಗಿ ಉಳಿದಿರುತ್ತದೆ. ಹತ್ತಿ ಬಟ್ಟೆಯನ್ನು ಒರೆಸುವ ದ್ರವದಲ್ಲಿ ಅದ್ದಿ ಆ ಪದರದ ಮೇಲೆ ಒಂದೆರಡು ನಿಮಿಷ ಹಾಸಿಡಿ. ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಉಜ್ಜಿದರೆ ಬತ್ತಿ ಬತ್ತಿಯಾಗಿ ಸುತ್ತಿಕೊಂಡು ಬರುತ್ತದೆ. ಪೂರ್ತಿ ಹೋಗುವವರೆಗೂ ಬಿಡಬೇಡಿ. ಗ್ರೈಂಡರ್ ಹಿಡಿಯುವವರನ್ನು ನೋಡಿದ್ದೇನೆ. ಅರ್ಧ ನಿಮಿಷದಲ್ಲಿ ಗಮ್ಮೂ ಹೋಗುತ್ತದೆ, ಬೋಟೂ ಹೋಗುತ್ತದೆ.

ಈಗ ತೇಪೆ ಕತ್ತರಿಸಿ. ತೂತಿನಿಂದ ಎಲ್ಲ ದಿಕ್ಕಿಗೂ 5 ಸೆಂಟಿಮೀಟರ್ ಇರಲಿ, ಮೂಲೆಗಳು ದುಂಡಗಿರಲಿ. ಚೂಪು ಮೂಲೆ ಏಳುವುದಕ್ಕೇ ಕಾದಿರುತ್ತದೆ. ತೇಪೆಯನ್ನು ಜಾಗದಲ್ಲಿಟ್ಟು ಪೆನ್ಸಿಲ್ ಗೆರೆ ಎಳೆದು, ಗೆರೆಯ ಹೊರಗೆ ಮಾಸ್ಕಿಂಗ್ ಟೇಪು ಹಚ್ಚಿ. ಯಾವ ಕಡೆ ಮೇಲೆ ಅಂತ ತೇಪೆಗೂ ಬೋಟಿಗೂ ಒಂದೊಂದು ಗುರುತು ಹಾಕಿಕೊಳ್ಳಿ, ಅಂಟಿಸುವ ಹೊತ್ತಿಗೆ ಇದೇ ಕಾಪಾಡುವುದು.

ಹೈಪಲಾನ್ ಆದರೆ ಬೋಟನ್ನೂ ತೇಪೆಯನ್ನೂ 80 ನಂಬರಿನ ಒರಟು ಪಾಲಿಶ್ ಪೇಪರಿನಿಂದ ಹೊಳಪು ಪೂರ್ತಿ ಹೋಗುವ ತನಕ ತಿಕ್ಕಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಪಿವಿಸಿಗೆ ನಯವಾದ ಪೇಪರಿನಿಂದ ಮೇಲೆ ಮೇಲೆ ಆಡಿಸಿದರೆ ಸಾಕು. ಆಮೇಲೆ ಪುಡಿ ಕೊಡವಿ, ದ್ರವದಿಂದ ಒಂದೇ ದಿಕ್ಕಿಗೆ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ, ಇಲ್ಲವೆಂದರೆ ಅಲ್ಲಿಯ ಕೊಳೆ ಇಲ್ಲಿಗೆ ಬರುತ್ತದೆ. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಒರೆಸಿ. ಪೆಟ್ರೋಲು, ಸೀಮೆಎಣ್ಣೆ, ಪೇಂಟ್ ಅಂಗಡಿಯ ಅಗ್ಗದ ಥಿನ್ನರ್ ಬೇಡ. ಒರೆಸಿದಂತೆ ಕಾಣುತ್ತದೆ, ಆದರೆ ಎಣ್ಣೆಯ ತೆಳು ಪದರ ಬಿಟ್ಟು ಹೋಗುತ್ತದೆ. ಒರೆಸಿದ ಮೇಲೆ ಆ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ‘ಸ್ವಚ್ಛ ಆಗೇತೇನ್ ನೋಡೂಣು’ ಅಂತ ಯಾರೋ ಒಬ್ಬರು ಕೈ ಆಡಿಸಿಯೇ ಆಡಿಸುತ್ತಾರೆ. ಕೈಯಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇರುತ್ತದೆ, ಅಲ್ವಾ?

ಬೆರಳುದ್ದಕ್ಕಿಂತ ಜಾಸ್ತಿ ಸೀಳಿದ್ದರೆ ಒಳಗಿನಿಂದಲೂ ಒಂದು ತೇಪೆ ಬೇಕು. ಅದನ್ನು ಮಡಚಿ ಸೀಳಿನಿಂದ ತೂರಿಸಿ ಒಳಗೆ ಬಿಡಿಸಬೇಕು. ಅದಕ್ಕೂ ಮುಂಚೆ ಒಂದು ಪಾಲಿಥಿನ್ ಹಾಳೆ ಒಳಗೆ ಸೇರಿಸಿ, ಇಲ್ಲದಿದ್ದರೆ ಟ್ಯೂಬಿನ ಎರಡೂ ಗೋಡೆ ಒಂದಕ್ಕೊಂದು ಅಂಟಿ ಕೂರುತ್ತವೆ.

ಗಮ್ಮು, ಕಾಯುವಿಕೆ, ಮತ್ತೆ ಗಮ್ಮು

ಕಲಸುವ ಮುಂಚೆ ಹವೆ ನೋಡಿ. ತೇವಾಂಶ ಶೇ 60ರ ಕೆಳಗೆ, ಬಿಸಿ 18ರಿಂದ 25 ಡಿಗ್ರಿ ಇದ್ದರೆ ಉತ್ತಮ. ಮೀಟರ್ ಇಲ್ಲದಿದ್ದರೆ ತಟ್ಟೆಯಲ್ಲಿ ಒಂದು ಚಮಚ ಪುಡಿ ಉಪ್ಪು ಹರಡಿ ಒಂದು ಗಂಟೆ ಬಿಡಿ. ಅಡುಗೆ ಉಪ್ಪು ತೇವಾಂಶ ಶೇ 75ರ ಹತ್ತಿರ ಬಂದರೆ ನೀರು ಹೀರಿ ಒದ್ದೆಯಾಗುತ್ತದೆ. ಉಪ್ಪು ಬೆವರಿದ ದಿನ ಗಮ್ಮಿನ ಡಬ್ಬಿ ತೆಗೆಯಲೇಬೇಡಿ. ಕಾರಣ ಸರಳ. ಗಮ್ಮಿನ ದ್ರವ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಮೈಮೇಲೆ ಹವೆಯ ತೇವ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಆಗ ನೀವು ಅಂಟಿಸುವುದು ಗಮ್ಮಿಗೆ ಗಮ್ಮನ್ನಲ್ಲ, ನೀರಿಗೆ ನೀರನ್ನು.

ಹಾರ್ಡನರ್ ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಸಾಮಾನ್ಯವಾಗಿ 100 ಗ್ರಾಂ ಗಮ್ಮಿಗೆ 4-5 ಗ್ರಾಂ. ಕಣ್ಣಂದಾಜು ಬೇಡ, ಸಿರಿಂಜಿನಲ್ಲಿ ಅಳೆಯಿರಿ. ಜಾಸ್ತಿ ಹಾಕಿದರೆ ಗಟ್ಟಿ ಬರುತ್ತದೆ ಅನ್ನುವುದು ಸುಳ್ಳು, ಸೀಳುವಂತಾಗುತ್ತದೆ. ಹಾರ್ಡನರ್ ತೇವ ಕಂಡರೆ ಕೆಡುತ್ತದೆ. ಬಾಟಲಿಯಲ್ಲಿ ಬಿಳಿ ಕಣ, ಮಬ್ಬು ಕಂಡರೆ ಎಸೆಯಿರಿ. ಕಲಸಿದ ಗಮ್ಮು ಕೆಲವು ಗಂಟೆ ಮಾತ್ರ ಕೆಲಸಕ್ಕೆ ಬರುತ್ತದೆ, ಬೇಕಾದಷ್ಟನ್ನೇ ಕಲಸಿ.

ಮೊದಲ ಕೈ ತೆಳ್ಳಗೆ. ಬೋಟಿಗೂ ತೇಪೆಗೂ ಎರಡಕ್ಕೂ ಹಚ್ಚಿ, ಗುಂಡಗೆ ತಿಕ್ಕುತ್ತಾ ಒಳಗಿಳಿಸಿ. ಬ್ರಷ್ಷಿನ ಗೆರೆ ಕಾಣಬೇಕು, ಗಮ್ಮಿನ ಕೊಳ ಕಾಣಬಾರದು. ಆಮೇಲೆ 20ರಿಂದ 30 ನಿಮಿಷ ಸುಮ್ನೆ ಕೂರಿ. ‘ಇನ್ನೂ ಎಷ್ಟೊತ್ತರೀ, ಹಚ್ಚಿಬಿಡೂಣು’ ಅನ್ನುವವರಿಗೆ ಚಹಾ ತರಲು ಹೇಳಿ. ಒಳಗೆ ದ್ರವ ಉಳಿದಿರುವಾಗ ಮುಚ್ಚಿದರೆ ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿಲಿಗೆ ಆವಿಯಾಗಿ ಅಡಿಯಲ್ಲೇ ಗುಳ್ಳೆ ಎಬ್ಬಿಸುತ್ತದೆ.

ಎರಡನೇ ಕೈ ಗುಂಡಗಲ್ಲ, ಒಂದೇ ದಿಕ್ಕಿಗೆ, ಒಂದೇ ಎಳೆತಕ್ಕೆ. ಹೈಪಲಾನ್‌ಗೆ ನಡುವೆ ಹೀಗೇ ಒಣಗಿಸಿ ಮೂರನೇ ಕೈಯೂ ಬೇಕು. ಮಾಸ್ಕಿಂಗ್ ಟೇಪನ್ನು ಈಗಲೇ ಕೀಳಿ. ಈ ಸಲದ ಕಾಯುವಿಕೆ ಗಡಿಯಾರದ್ದಲ್ಲ, ಬೆರಳಿನದ್ದು. ಚಳಿಗಾಲದಲ್ಲಿ 10 ನಿಮಿಷ ಆಗಬಹುದು, ಬಿಸಿಲೇರಿದ ಮಧ್ಯಾಹ್ನ ಮೂರೇ ನಿಮಿಷ ಸಾಕಾಗಬಹುದು. ಬೆರಳ ಗೆಣ್ಣಿನ ಹಿಂಬದಿಯಿಂದ ಅಂಚನ್ನು ಮುಟ್ಟಿ. ಎಳೆ ಬಂದರೆ ಇನ್ನೂ ಹಸಿ. ಏನೂ ಹಿಡಿಯದಿದ್ದರೆ ಹೊತ್ತು ಮೀರಿದೆ. ಗೆಣ್ಣನ್ನು ಹಿಡಿದು ಬಿಡಬೇಕು, ಆದರೆ ಚರ್ಮಕ್ಕೆ ಗಮ್ಮು ಬರಬಾರದು. ಅದೇ ಹದ.

ಹೊತ್ತು ಮೀರಿದರೂ ಪಿವಿಸಿಯಲ್ಲಿ ಒಂದು ದಾರಿ ಇದೆ. ಒಣಗಿದ ಎರಡೂ ಮುಖಕ್ಕೆ ಬಿಸಿ ಗಾಳಿ ಹಿಡಿದರೆ ಗಮ್ಮು ಮತ್ತೆ ಹೊಳಪಾಗಿ ಅಂಟಾಗುತ್ತದೆ, ಆಗ ಕೂಡಿಸಬಹುದು. ನನಗಂತೂ ಇದೇ ಹೆಚ್ಚು ಇಷ್ಟ, ಅವಸರವೇ ಇರುವುದಿಲ್ಲ. ಆದರೆ ದ್ರವದ ಡಬ್ಬಿಗಳನ್ನು ಮೊದಲು ದೂರ ಇಟ್ಟು ಬನ್ನಿ.

ಕೂಡಿಸುವಾಗ ಎರಡನೇ ಅವಕಾಶ ಇಲ್ಲ. ತೇಪೆಯನ್ನು ಗಮ್ಮಿನ ಮೈ ಹೊರಗೆ ಬರುವಂತೆ ಬಾಟಲಿಗೆ ಸಡಿಲವಾಗಿ ಸುತ್ತಿಕೊಳ್ಳಿ. ಒಂದು ಅಂಚನ್ನು ಗುರುತಿಗೆ ಸರಿಯಾಗಿ ಕೂರಿಸಿ, ಬಾಟಲಿ ಉರುಳಿಸುತ್ತಾ ಬಿಡಿಸಿ. ಹಿಂದೆಯೇ ರೋಲರ್ ಬರಲಿ, ನಡುವಿನಿಂದ ಅಂಚಿಗೆ, ಬಲ ಹಾಕಿ. ರೋಲರ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ನಡೆಯುತ್ತದೆ. ಸ್ವಲ್ಪ ಸೊಟ್ಟ ಕೂತರೆ ಹಾಗೇ ಇರಲಿ, ಎತ್ತಿ ಕೂರಿಸಲು ಹೋಗಬೇಡಿ. ಎತ್ತಿದ ಗಮ್ಮು ಮತ್ತೆ ಅದೇ ಬಲದಲ್ಲಿ ಹಿಡಿಯುವುದಿಲ್ಲ. ಅಂಚಿನ ಸುತ್ತ ಒಂದು ಸುತ್ತು ಜೋರಾಗಿ ಒತ್ತಿ, ಹೊರಗೆ ಉಳಿದ ಅಂಟಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಕಲ್ಲು ಹೇರುವ ಅಗತ್ಯವಿಲ್ಲ.

ಹಿಡಿಕೆ, ಕೊಂಡಿ, ಹಿಂದಿನ ಹಲಗೆ

ಹಗ್ಗದ ಕೊಂಡಿ, ಹಿಡಿಕೆ, ಹುಟ್ಟು ಕೂರುವ ಗೂಟ, ಇವುಗಳಿಗೂ ಕ್ರಮ ಇದೇ. ಗಮ್ಮು ಪಕ್ಕಕ್ಕೆ ಜಗ್ಗಿದರೆ ತಡೆಯುತ್ತದೆ, ಅಂಚಿನಿಂದ ಮೇಲಕ್ಕೆ ಸುಲಿದರೆ ಸೋಲುತ್ತದೆ. ಹಾಗಾಗಿ ಕೊಂಡಿಯನ್ನು ಹಗ್ಗ ಜಗ್ಗುವ ದಿಕ್ಕಿಗೇ ಮುಖ ಮಾಡಿ ಅಂಟಿಸಿ.

ಎಂಜಿನ್ ಕೂರುವ ಹಿಂದಿನ ಹಲಗೆ ಬಿಟ್ಟಿದ್ದರೆ ಮೇಲೆ ಪಟ್ಟಿ ಹೊಡೆದು ಮುಚ್ಚಬೇಡಿ. ಬಿಟ್ಟ ಜೋಡಣೆಯನ್ನು ಬಿಸಿ ಮಾಡಿ ಪೂರ್ತಿ ಬಿಚ್ಚಿ, ಹಲಗೆ ನೋಡಿ. ಸ್ಕ್ರೂ ಡ್ರೈವರ್ ಮೊನೆ ಒತ್ತಿದಾಗ ಒಳಗಿಳಿದರೆ ಪ್ಲೈವುಡ್ ಕೊಳೆತಿದೆ, ಹಲಗೆಯನ್ನೇ ಬದಲಿಸಿ. ಗಟ್ಟಿ ಇದ್ದರೆ ಕೆಲವು ದಿನ ಒಣಗಿಸಿ, ತಿಕ್ಕಿ, ಗಮ್ಮಿನ ಒಂದು ಕೈ ಹೆಚ್ಚಿಗೆ ಹಾಕಿ. ಮರ ಮೊದಲ ಕೈಯನ್ನು ಹೀರಿಬಿಡುತ್ತದೆ. ಇದು ಇಬ್ಬರ ಕೆಲಸ, ಒಬ್ಬರು ಹಿಡಿಯಬೇಕು, ಒಬ್ಬರು ರೋಲರ್ ಒತ್ತಬೇಕು.

ಆಮೇಲೆ

24 ಗಂಟೆ ಬೋಟನ್ನು ಹಂದಾಡಿಸಬೇಡಿ. ಆಮೇಲೆ ಆಕಾರ ನಿಲ್ಲುವಷ್ಟು ಗಾಳಿ ತುಂಬಿ ಬಿಡಿ. ಪೂರ್ತಿ ಒತ್ತಡಕ್ಕೆ ಮೂರು ದಿನ, ಹಲಗೆಯ ಕೆಲಸವಿದ್ದರೆ ಒಂದು ವಾರ ಕಾಯಿರಿ. ಬೋಟಿನ ಬದಿಯ ಟ್ಯೂಬಿಗೆ ಸಾಮಾನ್ಯವಾಗಿ 0.2ರಿಂದ 0.25 ಬಾರ್ ಸಾಕು, ಸರಿಯಾದ ಅಂಕಿ ಬೋಟಿನ ಮೇಲೆ ಬರೆದಿರುತ್ತದೆ. ಲಾರಿ ಟೈರಿನ ಕಂಪ್ರೆಸರ್ ಹಚ್ಚುವುದು ಬೇಡ, ಒತ್ತಡದ ಮೀಟರಿನ ಮುಳ್ಳು ಅಲುಗುವುದರೊಳಗೆ ಜೋಡಣೆ ಹರಿದಿರುತ್ತದೆ. ಮತ್ತೆ ಸೋಪಿನ ನೀರು ಹಚ್ಚಿ ನೋಡಿ. ಮೊದಲ ಸಲ ನೀರಿಗಿಳಿಸುವುದು ಕೆರೆಯಲ್ಲಿ, ದಡದ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು. ತುಂಬಿದ ಹೊಳೆಯ ಸೆಳವಿನಲ್ಲಿ ತೇಪೆಯ ಪರೀಕ್ಷೆ ಮಾಡಬಾರದು.

ಕೆಲಸ ಮುಗಿದ ಬೋಟನ್ನು ತೊಳೆದು, ಒಣಗಿಸಿ, ಪೌಡರ್ ಹಾಕಿ ಸಡಿಲವಾಗಿ ಸುತ್ತಿ. ಜೋಳದ ಚೀಲದ ಪಕ್ಕ ಇಡಬೇಡಿ, ಕಾಳಿಗೆ ಬಂದ ಇಲಿ ಬೋಟನ್ನೂ ಕಡಿಯುತ್ತದೆ. ಟ್ರ್ಯಾಕ್ಟರಿನ ಆಯಿಲ್, ಬ್ಯಾಟರಿಯಿಂದಲೂ ದೂರ ಇರಲಿ. ತೊಲೆಗೆ ಅಗಲ ಪಟ್ಟಿ ಕಟ್ಟಿ ತೂಗುಹಾಕಿದರೆ ಒಳ್ಳೆಯದು. ಉಳಿದ ಗಮ್ಮಿನ ಮುಚ್ಚಳ ಬಿಗಿಯಾಗಿ ಹಾಕಿ ತಂಪು ಜಾಗದಲ್ಲಿಡಿ. ಒಮ್ಮೆ ತೆಗೆದ ಹಾರ್ಡನರ್ ಬಾಟಲಿಯನ್ನು ಮಾತ್ರ ಮುಂದಿನ ವರ್ಷಕ್ಕೆ ನಂಬಬೇಡಿ, ಹೊಸದು ತನ್ನಿ.